ಅಲಾಸ್ಕಾ ಪ್ರವಾಸದ ಪೂರ್ವಚರಿತ್ರೆ

ಒಂದು ನಾಡನ್ನು ನೋಡಲು ಹೊರಟವರು ಏನೇನನ್ನು ಕಟ್ಟಿಕೊಂಡು ಹೊರಟರು, ಯಾರನ್ನು ನಂಬಿ ಹೊರಟರು, ಎಷ್ಟು ಕಾಲವನ್ನು ಅದಕ್ಕಾಗಿ ಮೀಸಲಿಟ್ಟರು ಎಂಬುದನ್ನು ವಿಚಾರಿಸುತ್ತ ಹೋದರೆ, ಆ ನಾಡಿನ ಚರಿತ್ರೆಯ ಒಂದು ಮುಖ್ಯ ಭಾಗವೇ ನಮಗೆ ತಿಳಿದುಬರುತ್ತದೆ. ಉತ್ತರ ಅಮೆರಿಕದ ವಾಯವ್ಯ ತುದಿಯಲ್ಲಿ ಹರಡಿರುವ ಅಲಾಸ್ಕಾದ ವಿಷಯದಲ್ಲಂತೂ ಈ ಮಾತು ಅಕ್ಷರಶಃ ಸತ್ಯ. ಅದರ ವಿಸ್ತೀರ್ಣ ಸುಮಾರು 17 ಲಕ್ಷ ಚದರ ಕಿಲೋಮೀಟರು, ಎಂದರೆ ಕರ್ನಾಟಕದ ಹೆಚ್ಚುಕಡಿಮೆ ಒಂಬತ್ತರಷ್ಟು. ಜನಸಂಖ್ಯೆಯಾದರೋ ಎಂಟು ಲಕ್ಷವನ್ನೂ ಮುಟ್ಟುವುದಿಲ್ಲ. ಇಂಥ ನಾಡಿಗೆ ಹೋಗಿಬರುವುದು ಒಂದು ಕಾಲಕ್ಕೆ ಸಾಹಸವಾಗಿದ್ದಿತು, ಮತ್ತೊಂದು ಕಾಲಕ್ಕೆ ವಿಲಾಸವಾಯಿತು, ಕಡೆಗೆ ಯಾರಿಗಾದರೂ ಎಟುಕುವ ರಜೆಯ ಪ್ರವಾಸವಾಯಿತು.

1867ರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನವು 72 ಲಕ್ಷ ಡಾಲರುಗಳನ್ನು ತೆತ್ತು ಈ ಪ್ರದೇಶವನ್ನು ರಷ್ಯದಿಂದ ಕೊಂಡಾಗ, ಕೊಂಡವರಿಗೆ ಅದು ನಿರ್ಜನವಾದ ಹಿಮಭೂಮಿಯಾಗಿ ತೋರಿದ್ದರೆ ಆಶ್ಚರ್ಯವಿಲ್ಲ. ಆದರೆ ಟ್ಲಿಂಗಿಟ್, ಅಥಬಾಸ್ಕನ್ ಮೊದಲಾದ ಜನಾಂಗಗಳಿಗೆ ಅದು ಸಹಸ್ರಾರು ವರ್ಷಗಳಿಂದ ಮನೆಯಾಗಿದ್ದಿತು. ನಿಸರ್ಗತಜ್ಞ ಜಾನ್ ಮ್ಯೂರ್ 1879ರಲ್ಲಿ ಇಂದು ಗ್ಲೇಸಿಯರ್ ಬೇ ಎನ್ನಿಸಿಕೊಂಡಿರುವ ಹಿಮನದಿಗಳ ಕೊಲ್ಲಿಯನ್ನು ಕಂಡುದು ಟ್ಲಿಂಗಿಟ್ ಜನರು ನಡೆಸಿದ ದೋಣಿಯಲ್ಲಿ ಕುಳಿತೇ ಹೊರತು ಸ್ವಂತ ದಾರಿಯರಿವಿನಿಂದಲ್ಲ. 1913ರಲ್ಲಿ 20,310 ಅಡಿ ಎತ್ತರದ ಡೆನಾಲಿಯ ನೆತ್ತಿಯ ಮೇಲೆ ಮೊದಲು ಕಾಲಿಟ್ಟವನು ಅಥಬಾಸ್ಕನ್ ತಾಯಿಯ ಮಗನಾದ ವಾಲ್ಟರ್ ಹಾರ್ಪರ್. ಅಲಾಸ್ಕಾಕ್ಕೆ ಬಂದ ಮೊದಲ ಪ್ರವಾಸಿಗಳ ನಿಜವಾದ ಕೈಪಿಡಿ ಯಾವ ಅಚ್ಚಿನ ಮನೆಯಲ್ಲಿಯೂ ಸಿದ್ಧವಾದುದಲ್ಲ. ಅದು ಆ ನೆಲದವರ ಸ್ಮೃತಿಯಲ್ಲಿ ಇದ್ದಿತು.

ಅಚ್ಚಿನ ಕೈಪಿಡಿಗೂ ಬಹಳ ಕಾಲ ಕಾಯಬೇಕಾಗಲಿಲ್ಲ. ದಕ್ಷಿಣದ ಕರಾವಳಿಯ ದ್ವೀಪಗಳ ನಡುವಣ ಶಾಂತವಾದ ಜಲಮಾರ್ಗದಲ್ಲಿ ಉಗಿಹಡಗುಗಳು ಪ್ರವಾಸಿಗಳನ್ನು ಕರೆದೊಯ್ಯತೊಡಗಿದುವು. 1883ರಲ್ಲಿ ಅಂಥದೊಂದು ಹಡಗಿನಲ್ಲಿ ಗ್ಲೇಸಿಯರ್ ಬೇಯನ್ನು ಹೊಕ್ಕ ಎಲೈಜಾ ಸಿಡ್‌ಮೋರ್ ಎಂಬ ಲೇಖಕಿ ಎರಡೇ ವರ್ಷಗಳಲ್ಲಿ ಆ ತೀರದ ಬಗೆಗೆ ಪುಸ್ತಕವನ್ನು ಪ್ರಕಟಿಸಿದಳು. 1899ರಲ್ಲಿ ರೈಲ್ವೆ ಒಡೆಯನಾದ ಎಡ್ವರ್ಡ್ ಹ್ಯಾರಿಮನ್, ವಿಶ್ರಾಂತಿ ಬೇಕೆಂಬ ವೈದ್ಯರ ಸಲಹೆಯನ್ನು ಶಿರಸಾವಹಿಸಿ, ಒಂದು ಹಡಗನ್ನೇ ಸಜ್ಜುಗೊಳಿಸಿ, ತನ್ನ ಕುಟುಂಬದೊಡನೆ ಮ್ಯೂರ್, ಜಾನ್ ಬರೋಸ್ ಮುಂತಾದ ವಿದ್ವಾಂಸರನ್ನೂ, ಗ್ರಂಥಭಂಡಾರವನ್ನೂ, ಹಾಲಿಗಾಗಿ ಹಸುವನ್ನೂ ಕರೆದುಕೊಂಡು ಎರಡು ತಿಂಗಳು ಆ ತೀರದಲ್ಲಿ ಸಂಚರಿಸಿದನು. ಆ ತಂಡದ ಭೂಗೋಳಜ್ಞನಾದ ಹೆನ್ರಿ ಗ್ಯಾನೆಟ್ ಬರೆದಿಟ್ಟ ಅಭಿಪ್ರಾಯವು ಇಂದಿಗೂ ಮನನಯೋಗ್ಯವಾಗಿದೆ: ಅಲ್ಲಿನ ಚಿನ್ನ, ಮೀನು, ಮರಮುಟ್ಟುಗಳಿಗಿಂತ ಅಲ್ಲಿನ ದೃಶ್ಯವೈಭವವೇ ಹೆಚ್ಚು ಬೆಲೆಯುಳ್ಳದ್ದು, ಏಕೆಂದರೆ ಅದು ಬಳಸಿದಂತೆ ಮುಗಿದುಹೋಗುವ ಸೊತ್ತಲ್ಲ.

ಮುಗಿದುಹೋಗುವ ಸೊತ್ತನ್ನು ಅರಸಿ ಬಂದವರ ಸಿದ್ಧತೆ ಬೇರೆ ತೆರನಾದುದು. 1897-98ರಲ್ಲಿ ನೆರೆಯ ಕೆನಡಾದ ಕ್ಲಾಂಡೈಕ್‌ನ ಚಿನ್ನದ ಭ್ರಾಂತಿಯಲ್ಲಿ ಅಲಾಸ್ಕಾದ ಕಡೆಯಿಂದ ಚಿಲ್ಕೂಟ್ ಕಣಿವೆಯನ್ನು ಹತ್ತಿದವರನ್ನು, ವರ್ಷಕ್ಕೆ ಸಾಲುವ ಆಹಾರವಿಲ್ಲದಿದ್ದರೆ ಕೆನಡಾದ ಪೊಲೀಸರು ಗಡಿ ದಾಟಗೊಡುತ್ತಿರಲಿಲ್ಲ. ಸಲಕರಣೆಗಳೂ ಸೇರಿ ಟನ್ನಿನಷ್ಟಾಗುತ್ತಿದ್ದ ಆ ಭಾರವನ್ನು ಜನರು ಬೆನ್ನಮೇಲೆ ಹೊತ್ತು, ಅದೇ ಇಳಿಜಾರನ್ನು ಮತ್ತೆ ಮತ್ತೆ ಹತ್ತಿ ಇಳಿದು ಸಾಗಿಸಿದರು. ದಾರಿಯಲ್ಲಿ ಉಪವಾಸದಿಂದ ಸಾಯಬಾರದೆಂದು ವಿಧಿಸಿದ ಆ ಕಟ್ಟಳೆ, ದೂರಕ್ಕೆ ಸಲ್ಲಬೇಕಾದ ಗೌರವವೆಂದೇ ನನಗೆ ಕಾಣುತ್ತದೆ.

ಆದರೆ ದೂರವನ್ನು ಗೌರವಿಸುವುದು ಬೇರೆ, ದೂರದಲ್ಲಿರುವುದನ್ನು ಉಳಿಸುವುದು ಬೇರೆ. ಬೇಟೆಗಾರನೂ ನಿಸರ್ಗಪ್ರೇಮಿಯೂ ಆಗಿದ್ದ ಚಾರ್ಲ್ಸ್ ಶೆಲ್ಡನ್ ಬೆಳ್ಳನೆಯ ಡಾಲ್ ಕಾಡುಕುರಿಗಳನ್ನು ಅಭ್ಯಾಸಮಾಡಲು 1906ರಲ್ಲಿ ಡೆನಾಲಿಯ ತಪ್ಪಲಿಗೆ ಬಂದನು. ಮರುವರ್ಷ ಮರಳಿ, ಟೋಕ್ಲಾಟ್ ನದಿಯ ಬಳಿ ಮರದ ಗುಡಿಸಲೊಂದರಲ್ಲಿ ಚಳಿಗಾಲವನ್ನು ಕಳೆದನು. ರೈಲು ಬಂದರೆ ಮಾಂಸದ ವ್ಯಾಪಾರಕ್ಕಾಗಿ ಬೇಟೆಯಾಡುವವರು ಈ ಮಂದೆಗಳನ್ನು ನಿರ್ನಾಮಮಾಡುವರೆಂದು ಅರಿತ ಅವನು ಅನೇಕ ವರ್ಷ ಶ್ರಮಿಸಿದುದರ ಫಲವಾಗಿ, 1917ರ ಫೆಬ್ರವರಿ 26ರಂದು, ಡೆನಾಲಿಯ ಇನ್ನೊಂದು ಹೆಸರನ್ನು ಹೊತ್ತ ಮೌಂಟ್ ಮೆಕಿನ್ಲಿ ರಾಷ್ಟ್ರೀಯ ಉದ್ಯಾನವು ಸ್ಥಾಪಿತವಾಯಿತು. ಹಳಿಗಳಿಗಿಂತ ಮೊದಲೇ ರಕ್ಷಣೆ ಅಲ್ಲಿಗೆ ತಲಪಿತೆಂಬುದು ಈ ಚರಿತ್ರೆಯ ಪುಣ್ಯವಿಶೇಷ.

ಆಮೇಲೆ ದಾರಿಗಳು ಒಂದರ ಹಿಂದೊಂದು ಬಂದುವು. 1923ರಲ್ಲಿ ಸೀವರ್ಡ್‌ನಿಂದ ಫೇರ್‌ಬ್ಯಾಂಕ್ಸ್‌ವರೆಗಿನ ರೈಲುಮಾರ್ಗ ಪೂರ್ಣಗೊಂಡಿತು. ಉದ್ಯಾನದೊಳಗಿನ 92 ಮೈಲಿ ರಸ್ತೆ ಅದೇ ವರ್ಷ ಆರಂಭವಾಗಿ 1938ಕ್ಕೆ ಮುಗಿಯಿತು. ಯುದ್ಧದ ಒತ್ತಡದಲ್ಲಿ 1942ರಲ್ಲಿ ಕಡಿದ ಅಲಾಸ್ಕಾ ಹೆದ್ದಾರಿ, ಯುದ್ಧಾನಂತರ ಸಾಮಾನ್ಯರಿಗೂ ತೆರೆಯಿತು. ಆ ದಾರಿಯಲ್ಲಿ ಮೈಲಿಮೈಲಿಗೆ ಏನು ದೊರೆಯುತ್ತದೆಂಬುದನ್ನು ತಿಳಿಸುವ ‘ಮೈಲ್‌ಪೋಸ್ಟ್’ ಎಂಬ ಕೈಪಿಡಿ 1949ರಲ್ಲಿ ಹೊರಟಿತು. ಉದ್ಯಾನದ ರಸ್ತೆಯನ್ನು ಅಗಲಿಸಿ ಡಾಂಬರು ಹಾಕುವ ಯೋಜನೆ ಹುಟ್ಟಿದಾಗ, ಆ ಪ್ರದೇಶದ ತೋಳಗಳನ್ನು ವರ್ಷಗಟ್ಟಲೆ ಅಭ್ಯಸಿಸಿ 1944ರಲ್ಲಿ ಗ್ರಂಥವನ್ನೇ ರಚಿಸಿದ್ದ ಅಡಾಲ್ಫ್ ಮ್ಯೂರಿ ಅದನ್ನು ದೃಢವಾಗಿ ವಿರೋಧಿಸಿದನು. ಆ ವಿರೋಧ ವ್ಯರ್ಥವಾಗಲಿಲ್ಲ. ಮೊದಲ 15 ಮೈಲಿಯ ಆಚೆಗೆ ಇಂದಿಗೂ ಅದು ಜಲ್ಲಿಯ ರಸ್ತೆ. ಆಂಕರೇಜ್‌ನಿಂದ ನೇರವಾದ ಹೆದ್ದಾರಿ ತೆರೆದೊಡನೆ, ಕಾರುಗಳ ಪ್ರವಾಹವನ್ನು ಮುಂಗಂಡು, 1972ರಲ್ಲಿ ಖಾಸಗಿ ವಾಹನಗಳನ್ನು ಸ್ಯಾವೇಜ್ ನದಿಯ ಆಸುಪಾಸಿನಲ್ಲಿಯೇ ತಡೆದು, ಮುಂದಕ್ಕೆ ಬಸ್ಸುಗಳಲ್ಲಿ ಮಾತ್ರ ಜನರನ್ನು ಕರೆದೊಯ್ಯುವ ವ್ಯವಸ್ಥೆ ಜಾರಿಗೆ ಬಂದಿತು. 1980ರ ಶಾಸನವು ಉದ್ಯಾನವನ್ನು 60 ಲಕ್ಷ ಎಕರೆಗೆ ವಿಸ್ತರಿಸಿ, ಡೆನಾಲಿ ಎಂಬ ಹೆಸರನ್ನಿತ್ತು, ಹೊಸದಾಗಿ ಸೇರಿದ ನೆಲದಲ್ಲಿ ಸ್ಥಳೀಯರು ಜೀವನೋಪಾಯಕ್ಕಾಗಿ ಬೇಟೆಯಾಡುವ ಹಕ್ಕನ್ನೂ ಮನ್ನಿಸಿತು.

ಇಂದು ಅಲ್ಲಿಗೆ ಹೊರಡುವವರಿಗೆ, ಅಮೆರಿಕದಲ್ಲಿ ನೆಲೆಸಿರುವ ಮಕ್ಕಳ ಮನೆಗೆಂದು ಹೋದ ನಮ್ಮ ಹಿರಿಯರಿಗೂ ಸಹ, ವರ್ಷದ ಧಾನ್ಯವನ್ನು ಹೊರುವ ಕಷ್ಟವಿಲ್ಲ. ಮೇ ತಿಂಗಳ ಕೊನೆಯಿಂದ ಸೆಪ್ಟೆಂಬರಿನ ನಡುವಿನವರೆಗಿನ ಕಿರಿದಾದ ಋತುವಿನಲ್ಲಿ ಬಸ್ಸಿನ ಸ್ಥಳವನ್ನು ಮುಂಚಿತವಾಗಿ ಕಾದಿರಿಸಿದರಾಯಿತು. ಆದರೂ ನೆಲವು ತನ್ನ ಅಧಿಕಾರವನ್ನು ಬಿಟ್ಟುಕೊಟ್ಟಿಲ್ಲ: ನೆಲದೊಳಗೆ ಹೆಪ್ಪುಗಟ್ಟಿದ್ದ ಮಂಜು ಕರಗಿ ಬೆಟ್ಟದ ಇಳಿಜಾರು ಜಾರತೊಡಗಿದುದರಿಂದ 2021ರ ಆಗಸ್ಟಿನಲ್ಲಿ ಉದ್ಯಾನದ ರಸ್ತೆಯನ್ನು 43ನೆಯ ಮೈಲಿಯ ಸಮೀಪದಲ್ಲಿ ಮುಚ್ಚಬೇಕಾಯಿತು; ಅದಲ್ಲದೆ ಬೇಸಗೆಯಲ್ಲಿ ಬಂದವರಲ್ಲಿ ಸುಮಾರು ಮೂರರಲ್ಲೊಬ್ಬರಿಗೆ ಮಾತ್ರ ಮೋಡ ಸರಿದು ಡೆನಾಲಿಯ ಶಿಖರದರ್ಶನವಾಗುತ್ತದೆ. ಆದುದರಿಂದ ಯಾತ್ರೆಯ ಪಟ್ಟಿಯನ್ನು ಬರೆಯುವವರು ಒಂದೆರಡು ದಿನಗಳನ್ನು ಬರಿದಾಗಿಯೇ ಬಿಟ್ಟಿರುವುದು ಲೇಸು. ಹಿಂದಿನವರ ಸಿದ್ಧತೆ ಏನನ್ನು ಹೊತ್ತೊಯ್ಯಬೇಕೆಂಬುದರಲ್ಲಿ ಅಡಗಿದ್ದಿತು. ನಮ್ಮ ಸಿದ್ಧತೆ ಏನನ್ನು ಬೇಡದಿರಬೇಕೆಂಬುದರಲ್ಲಿ ಅಡಗಿದೆ. ಶೆಲ್ಡನ್, ಮ್ಯೂರಿಯಂಥವರು ತಮ್ಮ ಕಾಲದ ಸೌಕರ್ಯಕ್ಕೆ ಎಲ್ಲೆಯನ್ನು ಹಾಕಿದುದರಿಂದಲೇ ಆ ಅರಣ್ಯ ನಮ್ಮವರೆಗೆ ಉಳಿದುಬಂದಿತು; ಆ ಎಲ್ಲೆಯನ್ನು ಸಂತೋಷದಿಂದ ಒಪ್ಪಿಕೊಳ್ಳುವವನೇ ಅದನ್ನು ನೋಡಲು ಯೋಗ್ಯನಾದ ಅತಿಥಿ.