‘ಸೆಟ್ಲ್‌ಮೆಂಟ್’ ಎಂಬ ಶಬ್ದವೂ ಅದರ ಕನ್ನಡ ಪರ್ಯಾಯಗಳೂ

ಇಂಗ್ಲೆಂಡಿನ ಹಾಗೂ ಬ್ರಿಟಿಷ್ ಭಾರತದ ಇತಿಹಾಸವನ್ನು ಕನ್ನಡದಲ್ಲಿ ಬರೆಯಹೊರಟವರನ್ನು ಪದೇ ಪದೇ ತಡೆದು ನಿಲ್ಲಿಸುವ ಶಬ್ದಗಳಲ್ಲಿ ‘ಸೆಟ್ಲ್‌ಮೆಂಟ್’ ಒಂದು. ಅದೇನೂ ಪಂಡಿತರಿಗೆ ಮಾತ್ರ ತಿಳಿದ ಪದವಲ್ಲ. ಸಾಲ ತೀರಿದುದಕ್ಕೂ, ವ್ಯಾಜ್ಯ ಮುಗಿದುದಕ್ಕೂ, ಹೊಸ ನೆಲದಲ್ಲಿ ಊರು ಕಟ್ಟಿದುದಕ್ಕೂ, ಮದುವೆಯಲ್ಲಿ ವಧುವಿನ ಹಿತಕ್ಕಾಗಿ ಆಸ್ತಿ ಬರೆದಿಟ್ಟುದಕ್ಕೂ, ಕಡೆಗೆ ಕಟ್ಟಡದ ತಳಪಾಯ ಇಳಿದುದಕ್ಕೂ ಆಂಗ್ಲರು ಈ ಒಂದೇ ಮಾತನ್ನು ಬಳಸುತ್ತಾರೆ. ಪ್ರಾಚೀನ ಇಂಗ್ಲಿಷಿನಲ್ಲಿ ‘ಸೆಟ್ಲ್’ ಎಂದರೆ ಆಸನ, ಪೀಠ. ಕುಳ್ಳಿರಿಸುವುದು, ನೆಲೆಗೆ ತರುವುದು ಎಂಬ ಅರ್ಥದಿಂದ ಉಳಿದವೆಲ್ಲ ಕವಲೊಡೆದಿವೆ. ಕನ್ನಡದಲ್ಲಿ ಇದಕ್ಕೆ ಬಂದೋಬಸ್ತು, ಇತ್ಯರ್ಥ, ಒಪ್ಪಂದ, ವಸಾಹತು ಎಂದು ಸಂದರ್ಭಾನುಸಾರ ಹೇಳುವ ರೂಢಿಯುಂಟು. ನಿಘಂಟುಕಾರನಿಗೆ ಇಷ್ಟು ಸಾಕು. ಇತಿಹಾಸದ ಅಭ್ಯಾಸಿಗೆ ಸಾಲದು. ಏಕೆಂದರೆ ಈ ಶಬ್ದವು ಹೆಸರಿಸುವ ರಾಜಕೀಯ ಕಾರ್ಯಗಳಲ್ಲಿ ಬಹುಮಟ್ಟಿಗೆ ಕುಳ್ಳಿರಿಸಿದವನೊಬ್ಬ, ಕುಳಿತವನು ಇನ್ನೊಬ್ಬ. ಶಬ್ದವಾದರೋ ಮೊದಲನೆಯವನದು.

ಇಂಗ್ಲೆಂಡಿನ ಶಾಸನಗಳನ್ನೇ ಮೊದಲು ನೋಡಬಹುದು. ೧೬೫೨ರಲ್ಲಿ ಐರ್ಲೆಂಡಿಗಾಗಿ ಮಾಡಿದ ‘ಸೆಟ್ಲ್‌ಮೆಂಟ್’ ಶಾಸನವು ಅಲ್ಲಿಯ ಕ್ಯಾಥೊಲಿಕ್ ಭೂಮಾಲೀಕರ ಜಮೀನುಗಳನ್ನು ವ್ಯಾಪಕವಾಗಿ ಜಪ್ತಿ ಮಾಡಲು ದಾರಿಮಾಡಿತು. ಅದರ ಬೆನ್ನಿಗೇ ಅನೇಕರು ಮನೆಮಾರು ಬಿಟ್ಟು ಪಶ್ಚಿಮದ ಕಾನಾಟ್ ಪ್ರಾಂತಕ್ಕೆ ಹೋಗಬೇಕಾಯಿತು. ೧೭೦೧ರ ಶಾಸನವು ಸಿಂಹಾಸನದ ಹಕ್ಕನ್ನು ಹ್ಯಾನೊವರಿನ ಸೋಫಿಯಾಳಿಗೂ ಅವಳ ಪ್ರಾಟೆಸ್ಟಂಟ್ ಸಂತತಿಗೂ ನಿಶ್ಚಯಿಸಿತು. ೧೭೧೪ರಲ್ಲಿ ಒಂದನೆಯ ಜಾರ್ಜನು ಪಟ್ಟವೇರಿದುದು ಇದರ ಬಲದಿಂದ. ಒಂದು ಉಚ್ಚಾಟನೆ, ಇನ್ನೊಂದು ಉತ್ತರಾಧಿಕಾರದ ನಿರ್ಣಯ. ಎರಡನ್ನೂ ‘ಇತ್ಯರ್ಥ ಶಾಸನ’ವೆಂದು ಕರೆದರೆ ಐರಿಷ್ ರೈತನ ಪಾಡು ಆ ಮಾತಿನೊಳಗೆ ಅಡಗಿಹೋಗುತ್ತದೆ.

ಇವೆರಡರ ನಡುವಣ ೧೬೬೨ರ ಶಾಸನವು ನಮ್ಮಲ್ಲಿ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಆದರೆ ಸಾಮಾನ್ಯ ಜನರ ಬಾಳನ್ನು ಹೆಚ್ಚು ತಟ್ಟಿದುದು ಅದೇ. ೧೬೦೧ರ ಬಡವರ ಕಾನೂನಿನ ಪ್ರಕಾರ ಪ್ರತಿಯೊಂದು ಪ್ಯಾರಿಷ್, ಎಂದರೆ ಇಗರ್ಜಿಯ ಸುತ್ತಲಿನ ಗ್ರಾಮಘಟಕವು, ತನ್ನ ಬಡವರನ್ನು ತಾನೇ ಪೋಷಿಸಬೇಕಾಗಿತ್ತು. ಹಾಗಾದರೆ ಯಾರು ‘ತನ್ನವರು’? ೧೬೬೨ರ ಶಾಸನ ಇದಕ್ಕೆ ಉತ್ತರ ಹೇಳಿತು. ವರ್ಷಕ್ಕೆ ೧೦ ಪೌಂಡಿಗಿಂತ ಕಡಿಮೆ ಬೆಲೆಯ ವಸತಿಯನ್ನು ಹಿಡಿದ ಹೊಸಬನು ಮುಂದೆ ಊರಿಗೆ ಹೊರೆಯಾದಾನೆಂದು ದೂರು ಬಂದರೆ, ೪೦ ದಿನಗಳೊಳಗೆ ಇಬ್ಬರು ನ್ಯಾಯಾಧಿಕಾರಿಗಳು ಅವನನ್ನು ಅವನ ಹಿಂದಿನ ಊರಿಗೆ ಅಟ್ಟಬಹುದಾಗಿತ್ತು. ಇಲ್ಲಿ ‘ಸೆಟ್ಲ್‌ಮೆಂಟ್’ ಎಂದರೆ ಜಾಗವಲ್ಲ, ಕರಾರಲ್ಲ. ಒಬ್ಬ ಮನುಷ್ಯನು ಒಂದು ಊರಿಗೆ ಸೇರಿದವನೆಂಬ ಹಕ್ಕು. ವಿವಾಹವಿಲ್ಲದೆ ಹುಟ್ಟಿದ ಮಗುವಿಗೆ ಅದು ಹುಟ್ಟಿದ ಊರಿನಲ್ಲಿಯೇ ಈ ಹಕ್ಕು ಬರುತ್ತಿದ್ದುದರಿಂದ, ತುಂಬು ಗರ್ಭಿಣಿಯರನ್ನು ಊರ ಗಡಿ ದಾಟಿಸುವ ಆತುರವೂ ಊರಿನ ಅಧಿಕಾರಿಗಳಿಗಿತ್ತು. ತಪ್ಪು ಮಾಡದ ಮನುಷ್ಯನನ್ನು ಅವನು ಆರಿಸಿಕೊಂಡ ಊರಿನಿಂದ ಹೊರಹಾಕುವುದು ಸಹಜ ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ಆಡಂ ಸ್ಮಿತ್ ೧೭೭೬ರಲ್ಲಿ ಖಂಡಿಸಿದನು. ನಿಜವಾಗಿ ನೆರವು ಬೇಡಿದವರನ್ನು ಮಾತ್ರ ಹೊರಡಿಸತಕ್ಕುದೆಂಬ ತಿದ್ದುಪಡಿ ಬಂದುದು ೧೭೯೫ರಲ್ಲಿ. ಈ ‘ಸೆಟ್ಲ್‌ಮೆಂಟ್’ಗೆ ಕನ್ನಡದಲ್ಲಿ ‘ನೆಲೆಯ ಹಕ್ಕು’ ಎನ್ನುವುದೇ ಲೇಸು. ಅದರ ವಿರುದ್ಧ ಕ್ರಿಯೆಗೆ ‘ಒಕ್ಕಲೆಬ್ಬಿಸುವುದು’ ಎಂಬ ಮಾತು ನಮ್ಮಲ್ಲಿ ಸಿದ್ಧವಾಗಿಯೇ ಇದೆ; ವಾಸವನ್ನೂ ಬೇಸಾಯವನ್ನೂ ಒಂದೇ ಉಸಿರಿನಲ್ಲಿ ಹೇಳುವ ‘ಒಕ್ಕಲು’ ಶಬ್ದ ಆಂಗ್ಲರ ಶಬ್ದಕ್ಕಿಂತ ಸಮೃದ್ಧವೆಂದರೂ ತಪ್ಪಾಗದು.

ಭಾರತಕ್ಕೆ ಬಂದಾಗ ಈ ಶಬ್ದ ಕಂದಾಯದ ಕಚೇರಿಯನ್ನು ಹೊಕ್ಕಿತು. ೧೭೯೩ರಲ್ಲಿ ಕಾರ್ನ್‌ವಾಲಿಸನು ಬಂಗಾಳದಲ್ಲಿ ಜಾರಿಗೆ ತಂದುದು ಕಾಯಂ ‘ಸೆಟ್ಲ್‌ಮೆಂಟ್’. ಇದಕ್ಕೆ ನಾವು ಬಳಸುವ ‘ಬಂದೋಬಸ್ತು’ ಪಾರಸಿಯಿಂದ ಬಂದುದು. ಕಟ್ಟುವುದು, ಬಿಗಿಯುವುದು ಎಂಬುದು ಅದರ ಮೂಲಾರ್ಥ. ಆಸನಕ್ಕಿಂತ ಹಗ್ಗವೇ ಇಲ್ಲಿ ಹೆಚ್ಚು ಸತ್ಯವಾದ ಉಪಮೆ! ಕಟ್ಟಿದುದಾದರೂ ಏನನ್ನು? ಜಮೀನ್ದಾರನು ಸರಕಾರಕ್ಕೆ ಕೊಡಬೇಕಾದ ಮೊತ್ತವನ್ನು. ರೈತನು ಜಮೀನ್ದಾರನಿಗೆ ಕೊಡಬೇಕಾದುದನ್ನು ಹಾಗೆ ಕಟ್ಟಿಹಾಕಲಿಲ್ಲ. ೧೭೯೯ರ ಏಳನೆಯ ರೆಗ್ಯುಲೇಷನ್ನು ಬಾಕಿಗಾಗಿ ರೈತನ ಸೊತ್ತನ್ನು ಜಪ್ತಿ ಮಾಡುವ ಅಧಿಕಾರವನ್ನು ಜಮೀನ್ದಾರನಿಗೆ ಕೊಟ್ಟಿತು. ‘ಕಾಯಂ’ ಎಂಬುದು ಯಾರಿಗೆ ಕಾಯಂ ಎಂಬ ಪ್ರಶ್ನೆಯನ್ನು ವಿದ್ಯಾರ್ಥಿಗಳ ಮುಂದೆ ಇಡಬೇಕಾದುದು ಅವಶ್ಯ.

ನಮ್ಮ ಕಡೆ ಇಂತಹ ವ್ಯವಸ್ಥೆಗೆ ಹೆಸರು ಇಲ್ಲದಿರಲಿಲ್ಲ. ಹದಿನೇಳನೆಯ ಶತಮಾನದ ಕೆಳದಿಯ ಶಿವಪ್ಪನಾಯಕನ ‘ಶಿಸ್ತು’ ಪ್ರಸಿದ್ಧವಾದುದು. ೧೭೯೯ರಲ್ಲಿ ಕೆನರಾ ಜಿಲ್ಲೆಗೆ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ ಹಳೆಯ ಲೆಕ್ಕಗಳನ್ನು ತೆಗೆಸಿ ನೋಡಿದಾಗ, ಅಲ್ಲಿಯ ಭೂಮಿ ಬಹುಕಾಲದಿಂದ ಖಾಸಗಿ ಸ್ವತ್ತಾಗಿ ಕ್ರಯವಿಕ್ರಯಕ್ಕೆ ಒಳಪಟ್ಟಿದ್ದುದನ್ನು ಕಂಡನು. ‘ರೇಖೆ’ ಎಂಬ ಮೂಲ ಕಂದಾಯ, ಅದರ ಮೇಲೆ ಏರಿಸಿದ ‘ಶಾಮಿಲು’, ಇವುಗಳಿಗೆ ಪ್ರತ್ಯೇಕ ಹೆಸರುಗಳೇ ಇದ್ದವು. ಅಂತಹ ನಾಡಿನ ಕಂದಾಯವನ್ನು ಮನ್ರೋ ‘ಸೆಟ್ಲ್’ ಮಾಡಿದನೆಂದು ಇಂಗ್ಲಿಷಿನಲ್ಲಿ ಓದುವವನಿಗೆ, ಅದಕ್ಕೆ ಮೊದಲು ಅಲ್ಲಿ ಎಲ್ಲವೂ ಅಸ್ತವ್ಯಸ್ತವಾಗಿತ್ತೆಂದು ತೋರುವುದು ಸಹಜ. ಕನ್ನಡದ ‘ತೀರ್ವೆ’ ಶಬ್ದಕ್ಕೆ ಈ ದೋಷವಿಲ್ಲ. ತೀರು, ತೀರಿಸು, ತೀರ್ಪು ಇವುಗಳ ಬಳಗಕ್ಕೆ ಸೇರಿದ ಅದು ಹಿಂದಿನ ಸ್ಥಿತಿಯ ವಿಷಯವಾಗಿ ಏನನ್ನೂ ಸೂಚಿಸುವುದಿಲ್ಲ. ಮುಂಬಯಿ ಪ್ರಾಂತದಲ್ಲಿ ೧೮೩೫ರ ಸುಮಾರಿಗೆ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಆರಂಭಿಸಿದ, ಮುಂದೆ ಧಾರವಾಡ ಬೆಳಗಾವಿಗಳಿಗೂ ಹಬ್ಬಿದ ಸರ್ವೆ ‘ಸೆಟ್ಲ್‌ಮೆಂಟ್’ ಸಾಮಾನ್ಯವಾಗಿ ೩೦ ವರ್ಷಗಳದು; ಅವಧಿ ಮುಗಿದೊಡನೆ ನೆಲೆಗೊಂಡುದನ್ನು ಮತ್ತೆ ನೆಲೆಗೊಳಿಸುವ ಕೆಲಸ!

ಸಾಗರದಾಚೆಯ ನೆಲೆಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಪಿನಾಂಗ್, ಮಲಾಕ್ಕಾ, ಸಿಂಗಾಪುರಗಳನ್ನು ಸೇರಿಸಿ ೧೮೨೬ರಲ್ಲಿ ರಚಿಸಿದ, ೧೯೪೬ರಲ್ಲಿ ವಿಸರ್ಜಿತವಾದ ‘ಸ್ಟ್ರೇಟ್ಸ್ ಸೆಟ್ಲ್‌ಮೆಂಟ್ಸ್’ಗೆ ‘ಜಲಸಂಧಿಯ ವಸಾಹತುಗಳು’ ಎಂಬುದು ಸರಿಹೋಗುತ್ತದೆ.

ಕಡೆಯದಾಗಿ, ಹತ್ತಿರದ ಕಾಲದ ಎರಡು ಪ್ರಯೋಗಗಳು. ೧೮೮೪ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಭಾಗದಲ್ಲಿ ಸ್ಯಾಮ್ಯುಯೆಲ್ ಬಾರ್ನೆಟ್ ಸ್ಥಾಪಿಸಿದ ಟಾಯ್ನ್‌ಬೀ ಹಾಲ್‌ನಲ್ಲಿ ವಿಶ್ವವಿದ್ಯಾಲಯಗಳ ತರುಣರು ಸ್ವಇಚ್ಛೆಯಿಂದ ಬಡವರ ನಡುವೆ ಬಂದು ನೆಲೆಸಿದರು. ಅಂತಹ ಸಂಸ್ಥೆಗೆ ‘ಸೆಟ್ಲ್‌ಮೆಂಟ್’ ಎಂದು ಹೆಸರಾಯಿತು. ೧೯೧೧ರ ಅಪರಾಧಿ ಬುಡಕಟ್ಟುಗಳ ಶಾಸನದಲ್ಲಿಯೂ ಅದೇ ಹೆಸರಿದೆ. ಅಲ್ಲಿ ಅದರ ಅರ್ಥ, ಹುಟ್ಟಿನಿಂದಲೇ ಅಪರಾಧಿಗಳೆಂದು ಎಣಿಸಲ್ಪಟ್ಟ ಜನರನ್ನು ಇರಿಸತಕ್ಕ ಕಾವಲಿನ ವಸತಿ. ಹಾಜರಿ ಕೊಡಬೇಕು, ಹೊರಗೆ ಹೋಗಲು ರಹದಾರಿ ಬೇಕು. ಮಕ್ಕಳನ್ನು ತಂದೆತಾಯಿಗಳಿಂದ ಅಗಲಿಸಿ ಬೇರೆ ಶಾಲೆಯಲ್ಲಿಡುವ ಅಧಿಕಾರವೂ ಸರಕಾರಕ್ಕಿತ್ತು. ೧೬೬೨ರಲ್ಲಿ ಯಾವುದಿದ್ದರೆ ಊರಿನಿಂದ ಹೊರಗಟ್ಟುವಂತಿರಲಿಲ್ಲವೋ ಅದು ‘ಸೆಟ್ಲ್‌ಮೆಂಟ್’. ೧೯೧೧ರಲ್ಲಿ ಎಲ್ಲಿಂದ ಹೊರಗೆ ಹೋಗುವಂತಿರಲಿಲ್ಲವೋ ಅದು ‘ಸೆಟ್ಲ್‌ಮೆಂಟ್’. ಹುಬ್ಬಳ್ಳಿಯಲ್ಲಿಯೂ ಇಂತಹುದೊಂದಿತ್ತು. ಈ ಶಾಸನಗಳ ಕೊನೆಯ ರೂಪವು ದೇಶದಾದ್ಯಂತ ೧೯೫೨ರ ಆಗಸ್ಟ್ ೩೧ರಂದು ರದ್ದಾಯಿತು. ಇದಕ್ಕೆ ‘ವಸಾಹತು’ ಎಂದೋ ‘ಪುನರ್ವಸತಿ’ ಎಂದೋ ಬರೆಯುವುದನ್ನು ನಾನು ಒಪ್ಪಲಾರೆ. ‘ನಿರ್ಬಂಧವಸತಿ’ ಎಂದರೆ ಆದೀತು, ಇಲ್ಲವೆ ಆಂಗ್ಲಶಬ್ದವನ್ನೇ ಉಳಿಸಿಕೊಳ್ಳಬಹುದು. ಹುಬ್ಬಳ್ಳಿಯ ಜನರು ಮಾಡಿರುವುದು ಎರಡನೆಯದನ್ನು. ಬೇಲಿ ಹೋದ ಮೇಲೂ ಆ ಬಡಾವಣೆಯನ್ನು ಅವರು ‘ಸೆಟ್ಲಮೆಂಟ್’ ಎಂದೇ ಕರೆಯುತ್ತಾರೆ.