ಕೋಡಂಗಿಯೂ ಕೂತವರೂ

2005ರಲ್ಲಿ ಅಮೆರಿಕದ ಮೈಕೆಲ್ ಮಟಿಯಸ್ ಮತ್ತು ಆಂಡ್ರೂ ಸ್ಟರ್ನ್ 'ಫಸಾಡ್' ಎಂಬ ಕಂಪ್ಯೂಟರ್ ನಾಟಕವನ್ನು ಹೊರತಂದರು. ಆಡುವವರು ಮನಸ್ಸಿಗೆ ಬಂದ ಮಾತು ಟೈಪಿಸಬಹುದು, ಪಾತ್ರಗಳು ಉತ್ತರಿಸುತ್ತವೆ. ಮಾತು ಎತ್ತ ಹರಿದರೂ ಕತೆ ದಾರಿ ತಪ್ಪದಂತೆ ನೋಡಿಕೊಳ್ಳಲು ಒಳಗೊಬ್ಬ 'ಡ್ರಾಮಾ ಮ್ಯಾನೇಜರ್' ಬೇಕಾಯಿತು.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಸೀಮೆಯಲ್ಲಿ ಆ ಕೆಲಸ ಬಯಲಾಟದಲ್ಲಿ ಹಾಡಿ ಆಟ ನಡೆಸುವ ಭಾಗವತನದು.

2007ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದ ಈ ನೆಲ ಮೂಡಲಪಾಯ ಬಯಲಾಟ ಮತ್ತು ಕೇಳಿಕೆ ಎಂಬ ಜನಪದ ಆಟಗಳ ನೆಲ. ಆಟ ಇರುಳಿಡೀ ನಡೆಯುತ್ತಿತ್ತು. ಮೂಡಲಪಾಯದಲ್ಲಿ ನಗಿಸುವ ಪಾತ್ರವಾದ ಕೋಡಂಗಿ ಬಂದು ಭಾಗವತನೊಡನೆ ಮಾತಿಗಿಳಿಯುತ್ತಾನೆ. ಪದ್ಯ ಬಾಯಿಪಾಠವಾಗಿರುತ್ತದೆ, ಹಾಸ್ಯದ ಮಾತು ಆಗಲೇ, ಅಲ್ಲೇ ಹುಟ್ಟಬೇಕು. ಕೂತವರು ನಕ್ಕರೆ ಬೆಳೆಸಬೇಕು, ತೂಕಡಿಸಿದರೆ ಮೊಟಕು ಮಾಡಬೇಕು. ಮಾತು ಹಾದಿಬಿಟ್ಟಿತೆಂದರೆ ಭಾಗವತ ತಾಳ ತಟ್ಟಿ ಮುಂದಿನ ಪದ್ಯ ಎತ್ತಿಕೊಳ್ಳುತ್ತಾನೆ. ಎಂಥ ನಾಜೂಕಿನ ತಂತ್ರವಿದು!

ಇಲ್ಲಿ ಇನ್ನೊಂದು ತೊಡಕೂ ಇತ್ತು. ಗಡಿಯಾಚೆ ಆಂಧ್ರ, ಊರೂರಲ್ಲಿ ಕನ್ನಡ, ತೆಲುಗು ಎರಡೂ ಮನೆಮಾತು. ಹಾಸ್ಯ ಎರಡೂ ಕಿವಿಗೆ ತಾಕಬೇಕು.

ಆಟದ ಕತೆ ಮಾತ್ರ ಜನರಿಗೆ ಮೊದಲೇ ಗೊತ್ತು. ಚಿಂತಾಮಣಿ ತಾಲ್ಲೂಕಿನ ಕೈವಾರವೇ ಮಹಾಭಾರತದ ಏಕಚಕ್ರಪುರ, ಭೀಮ ಬಕಾಸುರನನ್ನು ಕೊಂದದ್ದು ಅಲ್ಲೇ ಎಂಬುದು ಸ್ಥಳಪುರಾಣ. ಮುಂದೇನು ಎಂಬ ಕುತೂಹಲವಿಲ್ಲದ ಕಡೆ ಜನರನ್ನು ಬೆಳಗಿನವರೆಗೆ ಹಿಡಿದಿಟ್ಟದ್ದು ಈ ಕೊಡುಕೊಳ್ಳುವ ಮಾತೇ.

ಅಚ್ಚಾದ ಬಯಲಾಟದ ಪ್ರಸಂಗಗಳಲ್ಲಿ ಪದ್ಯ ಉಳಿದೀತು, ಆ ರಾತ್ರಿಯ ಮಾತು ಉಳಿಯದು. ಹಿರಿಯ ಭಾಗವತರು ನಮ್ಮ ನಡುವೆ ಇರುವಾಗಲೇ ಇಡೀ ಆಟವನ್ನು, ಕೂತವರ ಕೂಗು-ನಗೆಯ ಸಮೇತ, ದಾಖಲಿಸಿಕೊಳ್ಳಬೇಕು.