ಎರಡು ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್‌ನ ಪಿಸ್ಟನ್ ಹಾನಿ ಪತ್ತೆ

ಎರಡು ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್‌ನ ಪಿಸ್ಟನ್ ಹಾನಿ ಪತ್ತೆ ಎಂದರೆ ದೋಣಿಯ ಹಿಂಬದಿಗೆ ಹೊರಗಿನಿಂದ ಬಿಗಿಯುವ ಎಂಜಿನ್‌ನ ಪಿಸ್ಟನ್, ರಿಂಗ್ ಮತ್ತು ಸಿಲಿಂಡರ್ ಗೋಡೆಗೆ ಆಗಿರುವ ಹಾನಿಯನ್ನು ಗುರುತಿಸಿ, ಅದರ ಮೂಲಕಾರಣವನ್ನು ಕಂಡುಕೊಳ್ಳುವ ಕ್ರಮ. ಕರ್ನಾಟಕದ ಕರಾವಳಿಯ ನಾಡದೋಣಿಗಳಲ್ಲಿ ಈ ಬಗೆಯ ಎಂಜಿನ್‌ಗಳು ಬಳಕೆಯಲ್ಲಿವೆ.

ಹಿನ್ನೆಲೆ

ದಕ್ಷಿಣ ಕನ್ನಡ, ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳ ನಾಡದೋಣಿಗಳಲ್ಲಿ ಸೀಮೆಎಣ್ಣೆಯಿಂದ ಓಡುವ ಔಟ್‌ಬೋರ್ಡ್ ಎಂಜಿನ್‌ಗಳನ್ನು ಬಳಸಲಾಗುತ್ತದೆ. ಇವುಗಳನ್ನು ಪೆಟ್ರೋಲ್‌ನಲ್ಲಿ ಚಾಲೂ ಮಾಡಿ, ಬಿಸಿಯಾದ ಬಳಿಕ ಸೀಮೆಎಣ್ಣೆಗೆ ಬದಲಾಯಿಸುತ್ತಾರೆ. ರಾಜ್ಯ ಸರ್ಕಾರವು ಇಂಥ ದೋಣಿಗಳಿಗೆ ರಿಯಾಯಿತಿ ದರದಲ್ಲಿ ಸೀಮೆಎಣ್ಣೆ ಒದಗಿಸುತ್ತದೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮಳೆಗಾಲದ ನಿಷೇಧವು 10 ಅಶ್ವಶಕ್ತಿಯವರೆಗಿನ ಎಂಜಿನ್ ಅಳವಡಿಸಿದ ನಾಡದೋಣಿಗಳಿಗೆ ಅನ್ವಯಿಸುವುದಿಲ್ಲ. ಹೀಗಾಗಿ ಕಡಲು ಅತಿ ಒರಟಾಗಿರುವ ತಿಂಗಳುಗಳಲ್ಲಿಯೇ ಸಣ್ಣ ಎಂಜಿನ್‌ಗಳ ಮೇಲೆ ಹೆಚ್ಚಿನ ಭಾರ ಬೀಳುತ್ತದೆ. ಅಳಿವೆ ಬಾಗಿಲನ್ನು ದಾಟುವಾಗ ಎಂಜಿನ್ ಕೆಟ್ಟು ನಿಂತರೆ ದೋಣಿ ಅಲೆಗೆ ಅಡ್ಡವಾಗಿ ಮಗುಚುವ ಅಪಾಯವಿರುತ್ತದೆ. ಆದ್ದರಿಂದ ಹಾನಿಯನ್ನು ದಡದಲ್ಲಿಯೇ ಪತ್ತೆಹಚ್ಚುವುದು ಮುಖ್ಯ.

ರಚನೆ

ಹಳೆಯ ಎರಡು ಸ್ಟ್ರೋಕ್ ಎಂಜಿನ್‌ನಲ್ಲಿ ಎಣ್ಣೆಗೆಂದು ಪ್ರತ್ಯೇಕ ತೊಟ್ಟಿ ಇರುವುದಿಲ್ಲ. ಇಂಧನದೊಡನೆ ಬೆರೆತ ಎಣ್ಣೆಯೇ ಕ್ರ್ಯಾಂಕ್‌ಕೇಸ್ ಮೂಲಕ ಹಾದು ಬೇರಿಂಗ್, ಪಿಸ್ಟನ್ ಮತ್ತು ಸಿಲಿಂಡರ್‌ಗಳಿಗೆ ಜಾರುವಿಕೆ ಕೊಡುತ್ತದೆ. ಸಿಲಿಂಡರ್ ಗೋಡೆಯಲ್ಲಿ ಒಳಹರಿವಿನ ಮತ್ತು ಹೊಗೆಯ ಕಿಂಡಿಗಳಿರುತ್ತವೆ. ರಿಂಗ್‌ಗಳು ಪ್ರತಿ ಸುತ್ತಿನಲ್ಲಿಯೂ ಅವುಗಳ ಮೇಲೆ ಹಾದುಹೋಗುತ್ತವೆ. ರಿಂಗ್‌ನ ತುದಿಗಳು ಕಿಂಡಿಗೆ ಸಿಕ್ಕಿಬೀಳದಂತೆ ಪಿಸ್ಟನ್‌ನ ಗಾಡಿಯಲ್ಲಿ ಸಣ್ಣ ಮೊಳೆಯೊಂದು ಅವನ್ನು ಹಿಡಿದಿಡುತ್ತದೆ. ತಂಪಾಗಿಸಲು ರಬ್ಬರ್ ಎಲೆಗಳ ಪಂಪ್ ಕಡಲ ನೀರನ್ನೇ ಮೇಲಕ್ಕೆತ್ತುತ್ತದೆ.

ಕಾರಣಗಳು

* ಎಣ್ಣೆಯ ಕೊರತೆ: ಮಿಶ್ರಣದಲ್ಲಿ ಎಣ್ಣೆ ಕಡಿಮೆಯಾದರೆ ಲೋಹ ಲೋಹಕ್ಕೆ ಉಜ್ಜಿ ಪಿಸ್ಟನ್ ಸಿಲಿಂಡರ್‌ಗೆ ಕಚ್ಚಿಕೊಳ್ಳುತ್ತದೆ.
* ಇಂಧನದ ಕೊರತೆ: ಕಾರ್ಬ್ಯುರೇಟರ್‌ನ ಜೆಟ್ ಕಟ್ಟಿದಾಗ ಅಥವಾ ಗಾಳಿ ಸೋರಿದಾಗ ಮಿಶ್ರಣದಲ್ಲಿ ಗಾಳಿಯ ಪ್ರಮಾಣ ಹೆಚ್ಚುತ್ತದೆ. ಆಗ ಉರಿಯ ತಾಪ ಏರುವುದಲ್ಲದೆ, ಇಂಧನದೊಡನೆ ಬರುವ ಎಣ್ಣೆಯೂ ಕಡಿಮೆಯಾಗುತ್ತದೆ.
* ತಂಪಿನ ಕೊರತೆ: ಪಂಪ್‌ನ ರಬ್ಬರ್ ಎಲೆ ಸವೆದಾಗ, ನೀರಿನ ದಾರಿಯಲ್ಲಿ ಉಪ್ಪು ಅಥವಾ ಮರಳು ಕಟ್ಟಿದಾಗ ಎಂಜಿನ್ ಅತಿಯಾಗಿ ಕಾಯುತ್ತದೆ.
* ಬಡಿತದ ಉರಿ: ಸೀಮೆಎಣ್ಣೆಯ ಆಕ್ಟೇನ್ ಮಟ್ಟ ಪೆಟ್ರೋಲ್‌ಗಿಂತ ಕಡಿಮೆ. ಭಾರ ಹೆಚ್ಚಾದಾಗ ಮಿಶ್ರಣವು ತಾನೇ ಸಿಡಿದು ಪಿಸ್ಟನ್‌ನ ತಲೆಯನ್ನು ಕೊರೆಯಬಹುದು.
* ಮಸಿ: ಅರೆ ಉರಿದ ಸೀಮೆಎಣ್ಣೆಯ ಮಸಿ ಗಾಡಿಯಲ್ಲಿ ತುಂಬಿದರೆ ರಿಂಗ್‌ಗಳು ಅಂಟಿಕೊಳ್ಳುತ್ತವೆ.

ಲಕ್ಷಣಗಳು

ಚಾಲೂ ಮಾಡುವುದು ಕಷ್ಟವಾಗುವುದು, ಪೂರ್ಣ ವೇಗಕ್ಕೆ ಏರದಿರುವುದು, ಓಡುತ್ತಿದ್ದ ಎಂಜಿನ್ ನಿಧಾನವಾಗಿ ನಿಂತು ತಣ್ಣಗಾದ ಮೇಲೆ ಮತ್ತೆ ಚಾಲೂ ಆಗುವುದು, ಲೋಹದ ಬಡಿತ ಕೇಳುವುದು, ಹಗ್ಗ ಎಳೆಯುವಾಗ ಎಂದಿನ ಬಿಗಿ ಇಲ್ಲದಿರುವುದು ಪ್ರಮುಖ ಲಕ್ಷಣಗಳು. ಹಗ್ಗ ಸ್ವಲ್ಪವೂ ಅಲುಗದಿದ್ದರೆ ಪಿಸ್ಟನ್ ಕಚ್ಚಿರಬಹುದು. ಆದರೆ ಬೇರಿಂಗ್ ಅಥವಾ ಗೇರ್ ಕಚ್ಚಿದಾಗಲೂ ಹೀಗಾಗುತ್ತದೆ.

ಪರೀಕ್ಷೆಯ ಕ್ರಮ

ಮೊದಲು ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ, ಯಾವುದು ಯಾವ ಸಿಲಿಂಡರಿನದು ಎಂದು ಗುರುತಿಸಿ ಇಡಬೇಕು. ಪ್ಲಗ್‌ನ ತುದಿಯಲ್ಲಿ ಬೆಳ್ಳಿಯಂತೆ ಹೊಳೆಯುವ ಸಣ್ಣ ಕಣಗಳಿದ್ದರೆ ಪಿಸ್ಟನ್‌ನ ಅಲ್ಯೂಮಿನಿಯಂ ಕರಗಿರುವುದರ ಸೂಚನೆ. ಬಿಳುಚಿದ ಪ್ಲಗ್ ಅತಿ ತಾಪವನ್ನು ತೋರಿಸುತ್ತದೆ.

ಎರಡನೆಯದು ಕಂಪ್ರೆಷನ್ ಪರೀಕ್ಷೆ. ಎಲ್ಲ ಪ್ಲಗ್‌ಗಳನ್ನು ತೆಗೆದು, ಅವುಗಳ ತಂತಿಗಳನ್ನು ಎಂಜಿನ್‌ನ ಲೋಹಕ್ಕೆ ತಾಗಿಸಿ, ಥ್ರಾಟಲ್ ಪೂರ್ತಿ ತೆರೆದು, ಮಾಪಕದ ಮುಳ್ಳು ಏರುವುದು ನಿಲ್ಲುವವರೆಗೆ ಹಗ್ಗ ಎಳೆಯಬೇಕು. ಪ್ರತಿ ಸಿಲಿಂಡರ್‌ಗೂ ಎಳೆತದ ಸಂಖ್ಯೆ ಒಂದೇ ಇರಬೇಕು. ಬರುವ ಅಂಕಿಗಿಂತಲೂ ಸಿಲಿಂಡರ್‌ಗಳ ನಡುವಿನ ಅಂತರ ಹೆಚ್ಚು ತಿಳಿಸುತ್ತದೆ, ಅದು ಶೇ. 10–15ನ್ನು ಮೀರಿದರೆ ಒಳಗೆ ನೋಡಬೇಕು. ಕಡಿಮೆ ಒತ್ತಡವು ಹೆಡ್ ಗ್ಯಾಸ್ಕೆಟ್ ಸೋರಿಕೆಯಿಂದಲೂ ಬರಬಹುದು.

ಕಂಪ್ರೆಷನ್ ಸರಿಯಿದ್ದ ಮಾತ್ರಕ್ಕೆ ಪಿಸ್ಟನ್ ಸರಿಯಿದೆ ಎನ್ನಲಾಗದು. ಗೀರು ಬಿದ್ದ ಪಿಸ್ಟನ್ ಕೂಡ, ಗೋಡೆಯ ಮೇಲಿನ ಎಣ್ಣೆಯ ಪದರದಿಂದಾಗಿ, ಒಳ್ಳೆಯ ಅಂಕಿ ಕೊಡಬಲ್ಲದು. ಆದ್ದರಿಂದ ಪ್ಲಗ್ ರಂಧ್ರದಿಂದ ಬೆಳಕು ಬಿಟ್ಟು ನೋಡುವುದು, ಸಾಧ್ಯವಿರುವ ಮಾದರಿಗಳಲ್ಲಿ ಹೊಗೆ ಬದಿಯ ಮುಚ್ಚಳ ತೆಗೆದು ಕಿಂಡಿಯ ಮೂಲಕ ಪಿಸ್ಟನ್ ಮತ್ತು ರಿಂಗ್‌ಗಳನ್ನು ಪರೀಕ್ಷಿಸುವುದು ಮುಂದಿನ ಹೆಜ್ಜೆ. ಸ್ವಸ್ಥ ರಿಂಗ್ ಅನ್ನು ಮರದ ಕಡ್ಡಿಯಿಂದ ಮೆಲ್ಲನೆ ಒತ್ತಿದರೆ ಒಳಸರಿದು ಮರಳಿ ಚಿಮ್ಮುತ್ತದೆ. ಅಂಟಿದ ರಿಂಗ್ ಅಲುಗುವುದಿಲ್ಲ.

ಹಾನಿಯ ಗುರುತುಗಳು

* ಹೊಗೆಯ ಬದಿಯಲ್ಲಿ ಮಾತ್ರ ಗೀರು: ಅತಿ ತಾಪ ಅಥವಾ ಇಂಧನದ ಕೊರತೆ.
* ಸುತ್ತಲೂ ನಾಲ್ಕು ಕಡೆ ಗೀರು: ಪಿಸ್ಟನ್ ಸಿಲಿಂಡರ್‌ಗಿಂತ ಬೇಗ ಹಿಗ್ಗಿರುವುದು. ತಣ್ಣನೆಯ ಎಂಜಿನ್‌ಗೆ ಕೂಡಲೇ ಪೂರ್ಣ ವೇಗ ಕೊಟ್ಟಾಗಲೂ ಹೀಗಾಗುತ್ತದೆ.
* ತಲೆಯ ಅಂಚು ಕೊರೆದಂತಿರುವುದು: ಬಡಿತದ ಉರಿ.
* ತಲೆಯ ನಡುವೆ ಕರಗಿದ ತೂತು: ಕಿಡಿಗೆ ಮೊದಲೇ ಉರಿ ಹೊತ್ತಿಕೊಂಡಿರುವುದು.
* ತಲೆಯ ಮೇಲೆ ಚುಕ್ಕೆ ಚುಕ್ಕೆ ಹೊಡೆತ: ಮುರಿದ ರಿಂಗ್ ಅಥವಾ ಬೇರಿಂಗ್‌ನ ಚೂರು ಒಳಗೆ ಸಿಕ್ಕಿರುವುದು.

ದುರಸ್ತಿ

ಅಂಟಿದ ರಿಂಗ್‌ಗಳನ್ನು ಮಸಿ ತೆಗೆದು ಬಿಡಿಸಬಹುದು. ಗೋಡೆಗೆ ಅಂಟಿದ ಅಲ್ಯೂಮಿನಿಯಂ ತೆಗೆದ ಮೇಲೂ ಉಗುರಿಗೆ ತಾಗುವಷ್ಟು ಆಳದ ಗೀರು ಉಳಿದರೆ ಸಿಲಿಂಡರ್ ಬೋರ್ ಮಾಡಿಸಿ ದೊಡ್ಡ ಅಳತೆಯ ಪಿಸ್ಟನ್ ಹಾಕಬೇಕಾಗುತ್ತದೆ. ಕ್ರ್ಯಾಂಕ್‌ಕೇಸ್‌ಗೆ ಬಿದ್ದ ಲೋಹದ ಚೂರುಗಳನ್ನು ಪೂರ್ತಿ ತೆಗೆಯದಿದ್ದರೆ ಅವು ಬೇರಿಂಗ್‌ಗಳನ್ನು ಕೆಡಿಸುತ್ತವೆ. ಮೂಲಕಾರಣವಾದ ಜೆಟ್, ಪಂಪ್ ಅಥವಾ ಎಣ್ಣೆಯ ಪ್ರಮಾಣವನ್ನು ಸರಿಪಡಿಸದೆ ಜೋಡಿಸಿದರೆ ಹೊಸ ಪಿಸ್ಟನ್ ಕೂಡ ಅದೇ ರೀತಿ ಹಾಳಾಗುತ್ತದೆ.

ಮುನ್ನೆಚ್ಚರಿಕೆ

ತಯಾರಕರು ಸೂಚಿಸಿದ ಪ್ರಮಾಣದಲ್ಲಿ ಎಣ್ಣೆಯನ್ನು ಅಳೆದು ಬೆರೆಸುವುದು, ಓಡುವಾಗ ತಂಪಿನ ನೀರು ಹೊರಚಿಮ್ಮುವುದನ್ನು ಗಮನಿಸುವುದು, ನಿಲ್ಲಿಸುವ ಮೊದಲು ಕೆಲ ನಿಮಿಷ ಪೆಟ್ರೋಲ್‌ನಲ್ಲಿ ಓಡಿಸಿ ಕಾರ್ಬ್ಯುರೇಟರ್‌ನ ಸೀಮೆಎಣ್ಣೆಯನ್ನು ತೆರವುಗೊಳಿಸುವುದು ಮತ್ತು ದಡಕ್ಕೆ ಬಂದ ಬಳಿಕ ಸಿಹಿನೀರಿನಿಂದ ತೊಳೆಯುವುದು ಎಂಜಿನ್‌ನ ಬಾಳಿಕೆಯನ್ನು ಹೆಚ್ಚಿಸುತ್ತವೆ.